ಬಾಯಿ ತುಂಬ ನೀರು

ಭೈರೇಶನ ಹೆಸರು ಕಿವಿಗೆ ಬಿದ್ದರೆ ಹೊನ್ನೇಶ ಇವತ್ತಿಗೂ ಉಗುಳುತ್ತಾನೆ. ಊಟಕ್ಕೆ ಕೂತಿದ್ದರೂ ಎದ್ದು ಹಿತ್ತಲಿಗೆ ಹೋಗಿ ಉಗುಳಿ, ಬಾಯಿ ಮುಕ್ಕಳಿಸಿ, ಬಂದು ಮುದ್ದೆ ಮುರಿಯುತ್ತಾನೆ. ಪಂಚನಹಳ್ಳಿಯವರಿಗೆಲ್ಲ ಇದು ಗೊತ್ತು. ಅವನ ಎದುರಿಗೆ ಆ ಹೆಸರು ಯಾರೂ ಎತ್ತುವುದಿಲ್ಲ, ಎತ್ತಿದರೆ ಬೇಕೂಂತಲೇ ಎತ್ತುತ್ತಾರೆ.

ಹೊನ್ನೇಶ ಅಂಥ ದೊಡ್ಡ ಮನುಷ್ಯನೇನಲ್ಲ. ಒಂದಿಷ್ಟು ತೆಂಗು, ಒಂದು ಬೋರ್‌ವೆಲ್, ಮಳೆ ನಂಬಿಕೊಂಡ ರಾಗಿ ಹೊಲ, ಹೆಂಡತಿ ನಯನ, ಮಾತು ಕಡಿಮೆಯಾದ ಅಪ್ಪ. ಅವನ ಹುಚ್ಚು ಒಂದೇ, ಜೋಡೆತ್ತಿನ ಗಾಡಿ ಓಟ. ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಸುಗ್ಗಿ ಮುಗಿಯುತ್ತಿದ್ದ ಹಾಗೇ ಖಾಲಿ ಹೊಲದಲ್ಲಿ ಎರಡು ಟ್ರ್ಯಾಕ್ ಹಸನು ಮಾಡಿ, ಶಾಮಿಯಾನ ಹಾಕಿ, ಮೈಕ್ ಕಟ್ಟಿಬಿಡುತ್ತಾರೆ. ಒಂದು ಸಲಕ್ಕೆ ಎರಡು ಗಾಡಿ ಅಕ್ಕಪಕ್ಕ ಓಡಬೇಕು. ಮೊದಲು ಗೆರೆ ದಾಟಿದವನು ಗೆದ್ದ, ಇನ್ನೊಬ್ಬ ಮನೆಗೆ ಹೋದ. ಅಷ್ಟೇ ಆಟ. ಆ ಅಷ್ಟರಲ್ಲೇ ಗಂಡಸರ ಮೀಸೆ ಮೇಲಾಗುವುದು, ಮಣ್ಣಾಗುವುದು ಎಲ್ಲ ಆಗಿಹೋಗುತ್ತದೆ.

ಹೊನ್ನೇಶನ ಹತ್ತಿರ ಕೆಂದ ಅಂತ ಒಂದು ಎತ್ತಿತ್ತು. ಹುಟ್ಟಿದ ವಾರಕ್ಕೇ ತಾಯಿ ಕಳಕೊಂಡ ಕರು. ಬಾಟಲಿಯಲ್ಲಿ ಹಾಲು ಕುಡಿಸಿ, ಚಳಿಗೆ ತನ್ನ ಕಂಬಳಿ ಹೊದಿಸಿ ಸಾಕಿದ್ದ. ತೋಟದ ಆ ತುದಿಯಲ್ಲಿ ನಿಂತು ನಾಲಿಗೆ ಉರುಳಿಸಿ "ಅರ್ರ್ರ್ ಹುಯ್!" ಅಂತ ಕೂಗಿದರೆ ಸಾಕು, ಈ ತುದಿಯಿಂದ ಬಾಲ ಎತ್ತಿಕೊಂಡು ಬರುತ್ತಿತ್ತು. ಬಂದರೆ ಅವನ ಕೈಯಲ್ಲಿ ಕಡ್ಲೆಕಾಯಿ ಹಿಂಡಿ ಇರುತ್ತಿತ್ತು. ಬೆಳೆದು ಎತ್ತಾದ ಮೇಲೂ ಅದೇ ಕೂಗು, ಅದೇ ಓಟ. "ನಮಗೆ ಮಕ್ಕಳಾದ್ರೆ ಅವನ್ನೂ ಹಿಂಗೇ ಕರೀತೀರೇನೋ" ಅಂತ ನಯನ ರೇಗಿಸುತ್ತಿದ್ದಳು.

ಭೈರೇಶ ಹಿರೇನಲ್ಲೂರಿನವನು, ಹೊನ್ನೇಶನ ಹೈಸ್ಕೂಲ್ ಗೆಳೆಯ. ಗೆಳೆಯನಂತೆ, ಥೂ! ಅವನ ಹತ್ತಿರವೂ ಒಂದೇ ಎತ್ತು. ಒಂಟೆತ್ತಿನವರು ಇಬ್ಬರು ಸೇರಿ ಜೋಡಿ ಕಟ್ಟುವುದು ನಮ್ಮಲ್ಲಿ ಮಾಮೂಲಿ. ಹಾಗೇ ಇವರೂ ಕಟ್ಟಿದರು. ಗಾಡಿ ಹೊಡೆಯುತ್ತಿದ್ದವನು ಹೊನ್ನೇಶ, ಹೆಸರು ಇಬ್ಬರದೂ. ಆಮೇಲೆ ಒಂದು ದಿನ ಹೊನ್ನೇಶ ನಯನಾಳ ತವರು ಲಕ್ಕವಳ್ಳಿಗೆ ನಾಮಕರಣಕ್ಕೆ ಹೋಗಿದ್ದಾಗ ಭೈರೇಶ ಒಂದು ಎಳೆ ಜೋಡಿ ಹೋರಿ ಹೊಡ್ಕೊಂಡು ಪಂಚನಹಳ್ಳಿಗೆ ಬಂದ. ಹೊನ್ನೇಶನ ಅಪ್ಪನ ಪಕ್ಕ ಜಗಲಿ ಮೇಲೆ ಕೂತು, "ದೊಡ್ಡಪ್ಪಾ, ಒಂದಕ್ಕೆ ಎರಡು ಕೊಡ್ತಾ ಇದೀನಿ. ಕೆಂದನ್ನ ನಂಗೆ ಕೊಡಿ. ಹೊನ್ನೇಶಂಗೂ ಹೇಳಿದೀನಿ, ಅವನೂ ಹ್ಞೂಂ ಅಂದವ್ನೆ" ಅಂದ. ಹಸೀ ಸುಳ್ಳು. ಮುದುಕ ನಂಬಿದ. ಎಲೆ ಅಡಿಕೆ ಕೈ ಬದಲಾಯಿತು, ಮಾತು ಮುಗಿಯಿತು. ಎತ್ತು ಕೊಟ್ಟರೂ ಅದರ ಹಗ್ಗ ಕೊಡುವ ಪದ್ಧತಿ ಅವರ ಮನೆಯಲ್ಲಿಲ್ಲ. ಕೆಂದನ ಹಗ್ಗ ಬಿಚ್ಚಿ ಅಪ್ಪ ಕೊಟ್ಟಿಗೆ ಗೂಟಕ್ಕೆ ನೇತುಹಾಕಿದ. ಸಂಜೆ ಹೊನ್ನೇಶ ಬಂದಾಗ ಕಣ್ಣಿಗೆ ಬಿದ್ದದ್ದು ಆ ಹಗ್ಗ.

ಬೈಕ್ ಹತ್ತಿ ಹಿರೇನಲ್ಲೂರಿಗೆ ಹೋಗಿ ಕೊರಳಪಟ್ಟಿ ಹಿಡಿದು ಕೇಳಿದ. ಭೈರೇಶ ಹಲ್ಲು ಕಿಸಿದ. "ಎಲೆ ಅಡಿಕೆ ಆದ್ಮೇಲೆ ಮುಗೀತು ಕಣೋ. ಹೋಗಿ ನಿಮ್ಮಪ್ಪನ್ನ ಕೇಳು."

ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಮುಂದಿನ ಓಟ ಕಡೂರಿನ ಹತ್ತಿರ. ಇಬ್ಬರ ಗಾಡಿಯೂ ಅಕ್ಕಪಕ್ಕ ಬಂತು. ಹೊನ್ನೇಶ ಆ ಎಳೆ ಜೋಡಿಯನ್ನೇ ಪಳಗಿಸಿ ಕಟ್ಟಿದ್ದ. ಗಂಟಲು ಹರಿಯುವ ಹಾಗೆ "ಅರ್ರ್ರ್ ಹುಯ್!" ಅಂತ ಕೂಗಿ ಹೊಡೆದ. ಕೆಂದ ಗಾಳಿ ಸೀಳಿಕೊಂಡು ಮುಂದೆ ಹೋಯಿತು. ಭೈರೇಶ ಗಾಡಿಯಿಂದ ಇಳಿದವನೇ ಮೈಕ್ ಕಿತ್ತುಕೊಂಡು, "ಸಾಕೋಕೆ ಅವನು, ಓಡ್ಸೋಕೆ ನಾನು! ಬಾಣಂತನ ಮಾಡೋ ಕೈಗೆ ಗಾಡಿ ಹಗ್ಗ ಯಾಕ್ರಪ್ಪಾ?" ಅಂದ. ಶಾಮಿಯಾನದ ಕೆಳಗಿನ ಜನವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊನ್ನೇಶನ ಚಿಕ್ಕಪ್ಪನ ಮಗನೂ ನಕ್ಕ, ಅದನ್ನ ಹೊನ್ನೇಶ ಕಣ್ಣಾರೆ ಕಂಡ.

ಆ ವರ್ಷ ಎಲ್ಲಿ ಎದುರಾದರೂ ಅದೇ ಕತೆ. ಹೊನ್ನೇಶನ ಹೋರಿಗಳು ಬೇರೆ ಗಾಡಿಗಳನ್ನ ಸೋಲಿಸುತ್ತಿದ್ದವು. ಭೈರೇಶನ ಗಾಡಿ ಪಕ್ಕಕ್ಕೆ ಬಂದರೆ ಮುಗಿಯಿತು, ಮಣ್ಣು. ಪ್ರತಿ ಸಲವೂ ಮೈಕಿನಲ್ಲಿ ಅದೇ ಮಾತು. ಊರಿನ ಹುಡುಗರು ಅವನಿಗೆ 'ಬಾಣಂತಿ ಹೊನ್ನೇಶಣ್ಣ' ಅಂತ ಹೆಸರಿಟ್ಟರು. ತೆಂಗಿನಕಾಯಿ ಸುಲಿಯುವಾಗಲೂ ಅದು ಭೈರೇಶನ ತಲೆ ಅಂದುಕೊಂಡೇ ಸುಲಿಯುತ್ತಿದ್ದ.

"ಕೆಂದನ್ನ ಈ ಗೂಟಕ್ಕೆ ವಾಪಸ್ ಕಟ್ತೀನಿ. ಅವನ ಬಾಯಿಗೆ ಮಣ್ಣು ಹಾಕ್ತೀನಿ. ಎರಡೂ ಆಗ್ಬೇಕು" ಅಂದ ಒಂದು ದಿನ.

ನಯನ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಹಲ್ಲು ಕಡಿದ್ರೆ ಹಲ್ಲು ಸವೆಯುತ್ತೆ ಅಷ್ಟೆ. ಎಲ್ರ ಮುಂದೆ ಗೆದ್ದು ಅವನೊಬ್ಬನ ಮುಂದೆ ಸೋಲ್ತೀರ ಅಂದ್ರೆ ನಿಮ್ಮಲ್ಲೇ ಏನೋ ಐಬಿದೆ. ತಿಳಿದೋರನ್ನ ಹೋಗಿ ಕೇಳ್ರೀ. ಅಜ್ಜಂಪುರದ ಕಡೆ ಜಯದೇವಪ್ಪ ಅಂತ ಇದಾರಂತಲ್ಲ."

ಜಯದೇವಪ್ಪನ ಹೆಸರು ಕೇಳದ ಗಾಡಿಯವನು ಈ ಮೂರು ತಾಲ್ಲೂಕಿನಲ್ಲಿ ಇಲ್ಲ. ಸೊಂಟ ಮುರಿಯುವವರೆಗೆ ಗಾಡಿ ಹೊಡೆದು, ಮುರಿದ ಮೇಲೆ ಕೋಲು ಹಿಡಿದು, ಹೊಡೆಯುವವರನ್ನ ಬೈಯುತ್ತ ಕೂತ ಮನುಷ್ಯ. ಹಣೆ ತುಂಬ ವಿಭೂತಿ, ಬಾಯಿ ತುಂಬ ಬೈಗುಳ. ಹೊನ್ನೇಶ ಬೀರೂರಿನ ಮೇಲೆ ಬೈಕ್ ಓಡಿಸಿಕೊಂಡು ಹೋಗಿ ಅವರ ಜಗಲಿ ಕೆಳಗೆ ನಿಂತ.

"ಯಜಮಾನ್ರೇ, ಸ್ವಲ್ಪ ಹೇಳಿಕೊಡಬೇಕು."

"ಏನಪ್ಪಾ, ಗೆಲ್ಲೋಕೆ ಬಂದಿದೀಯೋ, ಸೇಡಿಗೆ ಬಂದಿದೀಯೋ?"

ಹೊನ್ನೇಶ ಸುಳ್ಳು ಹೇಳೋಣವೇ ಅಂತ ಯೋಚಿಸಿದ. ನಾಲಿಗೆ ಹೊರಳಲಿಲ್ಲ. "ಸೇಡಿಗೆ" ಅಂದ.

"ಹಂಗಾದ್ರೆ ಮೇಲೆ ಬಂದು ಕೂತ್ಕೋ. ಗೆಲ್ಲೋಕೆ ಬಂದೋರು ಅರ್ಧಕ್ಕೆ ಬಿಟ್ಟು ಓಡೋಗ್ತಾರೆ, ಸೇಡಿನೋರು ಬಿಡಲ್ಲ."

ತರೀಕೆರೆ ಕಡೆಯ ಮುಂದಿನ ಓಟಕ್ಕೆ ಜಯದೇವಪ್ಪ ಬಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತರು. ಹೊನ್ನೇಶ ಪ್ರಾಣ ಒತ್ತೆಯಿಟ್ಟು ಹೊಡೆದ, ಭೈರೇಶನ ಎದುರು ಮತ್ತೆ ಸೋತ, ಮತ್ತೆ ಮೈಕಿನಲ್ಲಿ ಉಗಿಸಿಕೊಂಡ. ಬಂದು, "ನನ್ನ ಕೈ ಹಿಡಿತ ಹೆಂಗಿತ್ತು ಯಜಮಾನ್ರೇ?" ಅಂತ ಕೇಳಿದರೆ, ಜಯದೇವಪ್ಪ, "ನಿನ್ನ ಗಾಡಿ ನಾನು ನೋಡ್ಲೇ ಇಲ್ಲ. ಅವನ ಗಾಡಿ ನೋಡ್ದೆ" ಅಂದರು.

ಹೊನ್ನೇಶನಿಗೆ ರೇಗಿತು. ಅಷ್ಟು ದೂರದಿಂದ ಕರ್ಕೊಂಡು ಬಂದಿದ್ದು ಅವನ ಗಾಡಿ ನೋಡೋಕಾ?

"ಬಾಯಿ ಮುಚ್ಕೊಂಡು ಕೇಳು. ಆ ಕೆಂಪೆತ್ತು ಬೇರೆಯವರ ಪಕ್ಕ ಏದುಸಿರು ಬಿಟ್ಕೊಂಡು ಗೆಲ್ತದೆ. ನಿನ್ನ ಪಕ್ಕ ಬಂದ್ರೆ ಹಾರ್ತದೆ. ಯಾಕೆ? ಶುರುವಲ್ಲಿ ಅದರ ಕಿವಿ ಎತ್ತ ಕಡೆ ತಿರುಗಿರ್ತದೆ, ಒಂದಿನಾನಾದ್ರೂ ನೋಡಿದೀಯಾ? ನಿನ್ನ ಕಡೆ. ಆ ಬೋಳಿಮಗ ಮೇಲೆ ಕೂತು ಏನು ಬಡ್ಕೊಂಡ್ರೂ ಅದು ಕೇಳಲ್ಲ. ನೀನು ಅರ್ರ್ರ್ ಅಂತಿದ್ದ ಹಾಗೇ ಕಿತ್ಕೊಂಡು ಓಡ್ತದೆ. ಎರಡು ಗಾಡೀನೂ ನೀನೇ ಹೊಡೀತಿದೀಯ ಕಣಯ್ಯಾ! ಎಳೆ ಹೋರಿಗೆ ನೀನು ಕೂಗೋದು ಹೊಸದು. ಆ ಕೆಂಪೆತ್ತಿಗೆ ನಿನ್ನ ಕೂಗು ಎದೆಹಾಲು."

ಹೊನ್ನೇಶ ಅಲ್ಲೇ ಹೊಲದ ಮಣ್ಣಿನ ಮೇಲೆ ಕೂತುಬಿಟ್ಟ. ಇಡೀ ವರ್ಷ ಗಂಟಲು ಹರಿದುಕೊಂಡು ತನ್ನ ಶತ್ರುವನ್ನ ತಾನೇ ಗೆಲ್ಲಿಸಿದ್ದ. ಮೊದಲು ಅಳು ಬಂತು, ಹಿಂದೆಯೇ ಇನ್ನೂ ದೊಡ್ಡ ಸಿಟ್ಟು ಬಂತು.

"ಈಗೇನು ಮಾಡ್ಲಿ?"

"ಬಾಯಿಗೆ ಬೀಗ ಹಾಕು. ಮೂಕನಾಗಿ ಗಾಡಿ ಹೊಡಿ. ನಿನ್ನ ಕೂಗು ಕೇಳದಿದ್ರೆ ಆ ಎತ್ತು ಕಾಯ್ಕೊಂಡು ನಿಲ್ತದೆ. ನಿನ್ನೆದುರು ಎಲ್ಲಾ ಕಡೆ ಸೋಲ್ತದೆ. ಅಂಥ ಜಂಬದವನು ಸೋತ ಎತ್ತನ್ನ ಎಷ್ಟು ದಿನ ಸಾಕ್ತಾನೆ? ಎತ್ತು ಕೆಟ್ಟೋಯ್ತು, ನಿಮ್ದು ನೀವೇ ಇಟ್ಕೊಳಿ ಅಂತ ತಾನಾಗೇ ನಿಮ್ಮನೆ ಬಾಗಿಲಿಗೆ ಹೊಡ್ಕೊಂಡು ಬರ್ತಾನೆ. ಅಲ್ಲೀವರೆಗೂ ಕೆಂದನ ಕಿವಿಗೆ ನಿನ್ನ ದನಿ ಬೀಳಬಾರದು. ಅದು ನಿನ್ನ ಕೊಟ್ಟಿಗೆಗೆ ಬಂದ್ಮೇಲೆ ಬೇಕಾದ್ರೆ ಹಗಲೂ ರಾತ್ರಿ ಕೂಗ್ಕೋ."

ಹೇಳಿದಷ್ಟು ಸುಲಭವಲ್ಲ. ಚಿಕ್ಕಂದಿನಿಂದ ಹತ್ತಿದ ಚಟ. ಹಗ್ಗ ಕೈಗೆ ಬಂತು ಅಂದರೆ ನಾಲಿಗೆ ತಾನಾಗೇ ಉರುಳುತ್ತಿತ್ತು. ಜಯದೇವಪ್ಪ ಒಂದು ಉಪಾಯ ಮಾಡಿದರು. ಗಾಡಿ ಹತ್ತುವ ಮುಂಚೆ ಬಾಯಿ ತುಂಬ ನೀರು ತುಂಬಿಕೊಳ್ಳಬೇಕು, ಸುತ್ತು ಮುಗಿದ ಮೇಲೆ ಅವರ ಕಾಲ ಹತ್ತಿರ ಉಗುಳಿ ತೋರಿಸಬೇಕು. ಮೊದಮೊದಲು ಉಗುಳೋಕೆ ಹನಿ ನೀರೂ ಉಳಿಯುತ್ತಿರಲಿಲ್ಲ. ಒಂದು ಸಲ ಕೂಗಲು ಹೋಗಿ ನೀರು ನೆತ್ತಿಗೇರಿ ಗಾಡಿಯಿಂದಲೇ ಉರುಳಿದ. "ಏಳಲೇ, ಬಾಣಂತಿ!" ಅಂತ ಜಯದೇವಪ್ಪ ಕೋಲು ಎತ್ತಿದರು. ಬೇಕೂಂತಲೇ ಆ ಹೆಸರಿನಿಂದ ಕರೆಯುತ್ತಿದ್ದರು. ಆ ಮಾತು ಬಿದ್ದಾಗೆಲ್ಲ ಹೊನ್ನೇಶ ಮತ್ತೆ ಚೊಂಬು ಎತ್ತುತ್ತಿದ್ದ. ಎಳೆ ಹೋರಿಗಳಿಗೆ ಕೂಗಿನ ಬದಲು ಗಾಡಿ ಹಲಗೆಯ ಮೇಲೆ ಹಿಮ್ಮಡಿಯಿಂದ ತಟ್ಟುವುದನ್ನ ಕಲಿಸಿದ. ತಟ್ಟಿದರೆ ಓಟ, ಹಗ್ಗ ಸಡಿಲ ಬಿಟ್ಟರೆ ಇನ್ನೂ ಜೋರು.

ಮನೆಯಲ್ಲೂ ಬಾಯಲ್ಲಿ ನೀರು ತುಂಬಿಕೊಂಡು ತಿರುಗುತ್ತಿದ್ದ. "ಈ ಅಜ್ಜ ನಮ್ಮ ಮದುವೆಗೆ ಮುಂಚೇನೇ ಸಿಗಬಾರದಿತ್ತಾ" ಅಂತ ನಯನ ನಕ್ಕಳು.

ಬೇಸಿಗೆಯ ಮೊದಲ ಓಟ ಅಜ್ಜಂಪುರದ ಹತ್ತಿರ. ಬಾವುಟ ಬಿತ್ತು. ಹೊನ್ನೇಶ ಹಲಗೆ ತಟ್ಟಿದ. ಪಕ್ಕದಲ್ಲಿ ಕೆಂದ ಕಿವಿ ನೆಟ್ಟಗೆ ಮಾಡಿ, ಕತ್ತು ಇತ್ತ ತಿರುಗಿಸಿ ಕಾಯುತ್ತಿತ್ತು. ಭೈರೇಶ ಬಾಯಿ ಬಡ್ಕೊಂಡ, ಬಾಲ ತಿರುವಿದ. ಕೆಂದ ಮನಸ್ಸಿಲ್ಲದೆ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಹೊನ್ನೇಶ ಅರ್ಧ ದಾರಿ ದಾಟಿದ್ದ. ಗೆದ್ದು ಇಳಿದು ನೀರು ಉಗುಳಿದಾಗ ಅದು ಅಮೃತದ ಹಾಗಿತ್ತು. ಕೆಂದನ ಕಣ್ಣನ್ನ ಮಾತ್ರ ಅವನು ನೋಡಲಿಲ್ಲ, ನೋಡಿದರೆ ಬಾಯಿ ಬಿಟ್ಟುಬಿಡುತ್ತೇನೆ ಅಂತ ಗೊತ್ತಿತ್ತು. ಬೀರೂರಿನ ಹತ್ತಿರ ಇನ್ನೊಂದು ಓಟ. ಅಲ್ಲೂ ಅದೇ. ಅಲ್ಲಿ ಭೈರೇಶ ಮೈಕ್ ಹತ್ತಿರ ಸುಳಿಯಲೇ ಇಲ್ಲ.

ಸುದ್ದಿ ನಯನಾಳೇ ತಂದಳು. ಕಡೂರಿನ ಬಸ್ಸಿನಲ್ಲಿ ಭೈರೇಶನ ಅತ್ತಿಗೆ ಲಿಂಗಮ್ಮ ಪಕ್ಕದಲ್ಲಿ ಕೂತಿದ್ದಳಂತೆ. "ಎತ್ತು ದಂಡ, ನಮ್ಮೂರ ಓಟ ಒಂದು ಆಗ್ಲಿ, ಸೋತರೆ ಪಂಚನಹಳ್ಳಿಗೆ ಹೊಡ್ಕೊಂಡೋಗಿ ಬಿಟ್ಟು ಬರ್ತೀನಿ ಅಂತಾವ್ನೆ ನಮ್ಮ ಮೈದುನ" ಅಂದಳಂತೆ. ಹೊನ್ನೇಶ ಅವತ್ತೇ ಕೆಂದನ ಹಗ್ಗ ಇಳಿಸಿ, ಧೂಳು ಕೊಡವಿ, ಹೊಂಗೆ ಎಣ್ಣೆ ಹಚ್ಚಿ ಮೆತ್ತಗೆ ಮಾಡಿ ಇಟ್ಟ.

ಹಿರೇನಲ್ಲೂರಿನ ಓಟ. ಭೈರೇಶನ ಊರು, ಭೈರೇಶನ ನೆಂಟರು, ಕಮಿಟಿಯಲ್ಲೂ ಅವನ ಕಡೆಯವರೇ. ಜಯದೇವಪ್ಪ ಗೆರೆಯ ಹತ್ತಿರ ಕುರ್ಚಿ ಹಾಕಿಸಿಕೊಂಡಿದ್ದರು. ಹೊನ್ನೇಶ ಚೊಂಬು ಎತ್ತಿದಾಗ ಅವರು ತಮ್ಮ ತುಟಿ ಮೇಲೆ ಬೆರಳಿಟ್ಟು, "ಇದೊಂದೇ ಕಣಯ್ಯಾ" ಅಂದರು.

ಬಾವುಟ ಬಿತ್ತು. ಹೊನ್ನೇಶನ ಹಿಮ್ಮಡಿ ಹಲಗೆಗೆ ಬಿತ್ತು. ಅವನು ಗೆರೆ ದಾಟಿ, ಹೋರಿ ನಿಲ್ಲಿಸಿ, ತಿರುಗಿ ನೋಡಿದಾಗ ಕೆಂದ ಟ್ರ್ಯಾಕಿನ ನಡುವೆ ಕಂಬದ ಹಾಗೆ ನಿಂತಿತ್ತು. ಗಾಡಿ ಮೇಲೆ ಭೈರೇಶ ಕುಣಿದಾಡುತ್ತಿದ್ದ. ಸ್ವಂತ ಊರಿನವರೇ ಶಿಳ್ಳೆ ಹಾಕಿದರು. ಮೈಕಿನವನು ಓಡಿ ಬಂದು, "ಭೈರೇಶಣ್ಣಾ, ಎತ್ತಿಗೆ ಟಿಕೆಟ್ ತಗೊಂಡಿಲ್ವಾ, ಮುಂದಕ್ಕೇ ಹೋಗ್ತಿಲ್ಲ?" ಅಂದ. ಜನ ಬಿದ್ದು ಬಿದ್ದು ನಕ್ಕರು. ಹೊನ್ನೇಶನ ಬಾಯಲ್ಲಿ ಇನ್ನೂ ನೀರಿತ್ತು. ಆ ನಗು ಕೇಳುತ್ತ ಅವನ ಮೈಯೆಲ್ಲ ತಣ್ಣಗಾಯಿತು. ಇಷ್ಟಕ್ಕೇ ಇಳಿದು ಮನೆಗೆ ಹೋಗಿದ್ದರೆ ಆಗಿತ್ತು.

ಭೈರೇಶ ಗಾಡಿ ಮೇಲೆ ನಿಂತೇ ಮೈಕ್ ಕಿತ್ತುಕೊಂಡ. ಅವನ ಮುಖ ಮೆಣಸಿನಕಾಯಿ ಬಣ್ಣ. "ಕೇಳ್ರಪ್ಪೋ! ನಾಳೆ ಬೆಳಿಗ್ಗೆ ಈ ದರಿದ್ರದ ಎತ್ತನ್ನ ಪಂಚನಹಳ್ಳಿಗೆ ಹೊಡ್ಕೊಂಡೋಗಿ ಅದರ ಬಾಣಂತಿ ಮನೇಲೇ ಕಟ್ಟಿ ಬರ್ತೀನಿ. ಇಷ್ಟು ದಿನ ಸಾಕೋಕೆ ಅವನು ಅಂತಿದ್ದೆ. ತಪ್ಪಾಯ್ತು. ಅವನಿಗೆ ಸಾಕೋಕೂ ಬರಲ್ಲ! ಕರು ಇದ್ದಾಗ್ಲೇ ಕೆಡಿಸಿಟ್ಟವ್ನೆ!" ಅಂದು, ಕೆಂದನ ಬೆನ್ನಿನ ಮೇಲೆ ಒದ್ದ.

ಎತ್ತು ಸಿಕ್ಕಿಯೇ ಹೋಗಿತ್ತು. ಊರೆಲ್ಲ ಕೇಳುವ ಹಾಗೆ ಅವನೇ ಕೊಟ್ಟುಬಿಟ್ಟಿದ್ದ. ಇನ್ನು ಒಂದು ರಾತ್ರಿ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಹೊನ್ನೇಶನಿಗೂ ಅದು ತಿಳಿಯಿತು. ಜಯದೇವಪ್ಪ ಕುರ್ಚಿಯಿಂದ ಅರ್ಧ ಎದ್ದು ಎರಡೂ ಕೈಯಲ್ಲಿ ತಮ್ಮ ಬಾಯಿ ಮುಚ್ಚಿ ತೋರಿಸುತ್ತಿದ್ದರು. ಅದೂ ಕಾಣಿಸಿತು. ಆದರೆ ಬಾಟಲಿ ಹಾಲು, ಕಂಬಳಿ, ಹಿಂಡಿ ಹಿಡಿದ ತನ್ನ ಕೈ, ಅದರ ಮೇಲೆ ಆ ಮಾತು, ಆ ಒದೆ! ಬಾಯಲ್ಲಿದ್ದ ನೀರು ಕುದಿಯಿತು ಅಂದರೂ ಸರಿ. ಥೂ ಅಂತ ಉಗುಳಿ, ಗಾಡಿಯಿಂದ ಧುಮುಕಿ, ಎದೆಯಲ್ಲಿದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದ.

"ಅರ್ರ್ರ್ ಹುಯ್!"

ಕೆಂದ ಒಂದೇ ನೆಗೆತಕ್ಕೆ ಕಿತ್ತುಕೊಂಡು ಹೊರಟಿತು. ಜೊತೆಯ ಎತ್ತನ್ನೂ ಗಾಡಿಯನ್ನೂ ದರದರ ಎಳೆದುಕೊಂಡು ಬಂತು. ಭೈರೇಶ ಹಿಂದಕ್ಕೆ ಮಗುಚಿ ಮಣ್ಣಿನಲ್ಲಿ ಬಿದ್ದ, ಮೈಕ್ ಕೈಯಲ್ಲೇ ಇತ್ತು, "ಅಯ್ಯಯ್ಯಪ್ಪೋ ಸತ್ತೇ!" ಅನ್ನುವುದು ನಾಲ್ಕೂ ಸ್ಪೀಕರಿನಲ್ಲಿ ಊರಿಗೆಲ್ಲ ಕೇಳಿಸಿತು. ಕೆಂದ ನೇರ ಹೊನ್ನೇಶನ ಮುಂದೆ ಬಂದು ನಿಂತು, ಅವನ ಕೈ ಮೂಸಿ ಹಿಂಡಿ ಹುಡುಕಿತು. ಹೊನ್ನೇಶ ಅದರ ಕತ್ತು ತಬ್ಬಿಕೊಂಡು ಭೈರೇಶನ ಕಡೆ ತಿರುಗಿ ಅರಚಿದ: "ಸಾಕಿದ್ದೂ ನಾನೇ, ಓಡ್ಸಿದ್ದೂ ನಾನೇ ಕಣೋ! ನೀನು ಗೆದ್ದಿದ್ದೆಲ್ಲ ನನ್ನ ಕೂಗಿಗೆ! ನೀನು ಮೇಲೆ ಕೂತಿದ್ದ ಮೂಟೆ ಅಷ್ಟೆ!"

ಜನ ಹುಚ್ಚೆದ್ದು ಕುಣಿದರು. ಯಾರೋ ಹೊನ್ನೇಶನನ್ನ ಹೆಗಲ ಮೇಲೆ ಎತ್ತಿಕೊಂಡರು. ಅಷ್ಟು ಎತ್ತರದಿಂದ ಅವನು ಎರಡು ಮುಖ ನೋಡಿದ. ಒಂದು ಜಯದೇವಪ್ಪನದು. ಅವರು ಕೋಲು ಊರಿಕೊಂಡು, ಇತ್ತ ತಿರುಗದೆ, ಬಸ್ ಸ್ಟಾಪಿನ ಕಡೆ ನಡೆದು ಹೋಗುತ್ತಿದ್ದರು. ಇನ್ನೊಂದು ಭೈರೇಶನದು. ಬಾಯಿಯ ಮಣ್ಣು ಒರೆಸಿಕೊಳ್ಳುತ್ತ ಎತ್ತನ್ನ ನೋಡಿದ, ಹೊನ್ನೇಶನನ್ನ ನೋಡಿದ. "ಓಹೋ... ಹಿಂಗಾ ಸಮಾಚಾರ" ಅಂದ. ನಿಧಾನಕ್ಕೆ ಬಂದು ಕೆಂದನ ಮೂಗುದಾರ ಹಿಡಿದು ಕರ್ಕೊಂಡು ಹೋದ. ಅವನ ಎತ್ತು, ಬೇಡ ಅನ್ನುವುದಕ್ಕೆ ಯಾರಿಗೂ ಅಧಿಕಾರವಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಹೊನ್ನೇಶ ಎಣ್ಣೆ ಹಚ್ಚಿದ ಹಗ್ಗ ಹಿಡಿದು ಜಗಲಿ ಮೇಲೆ ಕೂತ. ಮಧ್ಯಾಹ್ನದವರೆಗೂ ಕೂತ. ಅಪ್ಪ ಬಂದು ಪಕ್ಕದಲ್ಲಿ ಕೂತ. ಯಾರೂ ಬರಲಿಲ್ಲ. ವಾರ ಕಳೆದ ಮೇಲೆ ಲಿಂಗಮ್ಮ ನಯನಾಳಿಗೆ ಫೋನ್ ಮಾಡಿದಳು. ಹಾವೇರಿ ಕಡೆಯವರು ಯಾರೋ ಲಾರಿ ತಂದು ಕೆಂದನ್ನ ಹತ್ತಿಸಿಕೊಂಡು ಹೋದರಂತೆ. ಎಲ್ಲಿಯವರು ಅಂತ ಭೈರೇಶ ಮನೆಯವರಿಗೂ ಹೇಳಿಲ್ಲವಂತೆ. ಹೊನ್ನೇಶನಿಗೆ ಒಂದು ಮಾತು ಮಾತ್ರ ಹೇಳಿ ಕಳಿಸಿದ್ದ.

"ಕೂಗು ಅಂತ ಹೇಳಿ. ಕೇಳಿಸ್ತದೇನೋ ನೋಡಾಣ."

ಹೊನ್ನೇಶ ಅವತ್ತು ಮುದ್ದೆ ಮುಟ್ಟಲಿಲ್ಲ. ನಾಚಿಕೆ ಬಿಟ್ಟು ಮತ್ತೆ ಅಜ್ಜಂಪುರಕ್ಕೆ ಹೋದ. ಜಯದೇವಪ್ಪ ಜಗಲಿ ಹತ್ತಿಸಲಿಲ್ಲ. "ನಿಂಗೆ ಗಾಡಿ ಹೊಡೆಯೋದು ಕಲಿಸ್ದೆ. ಬಾಯಿ ಮುಚ್ಚೋದು ಕಲಿಸೋಕೆ ನನ್ನ ಕೈಲಾಗಲಿಲ್ಲ" ಅಂದು ಒಳಗೆ ಹೋದರು.

ಈಗ ಹೊನ್ನೇಶ ಓಟಕ್ಕೆ ಹೋದರೆ ಗೆದ್ದೇ ಬರುತ್ತಾನೆ. 'ಬಾಣಂತಿ' ಅನ್ನುವ ಹೆಸರು ಸತ್ತುಹೋಗಿ 'ಮೂಕ ಹೊನ್ನೇಶ' ಅಂತಾಗಿದೆ. ಭೈರೇಶ ಓಟದ ಕಡೆ ತಲೆ ಹಾಕುವುದಿಲ್ಲ, ಎಲ್ಲಿ ಹೋದರೂ ಹುಡುಗರು "ಅಯ್ಯಯ್ಯಪ್ಪೋ ಸತ್ತೇ" ಅಂತ ಅಣಕಿಸುತ್ತಾರೆ. ಮೊನ್ನೆ ಒಂದು ಸಂಜೆ ನಯನ ಕೇಳಿದಳು, "ರೀ, ನಿಜ ಹೇಳಿ. ಆ ದಿನ ವಾಪಸ್ ಬಂದ್ರೆ ಬಾಯಿ ಮುಚ್ಕೊಂಡಿರ್ತೀರಾ?"

ಮಣ್ಣಲ್ಲಿ ಮಗುಚಿ ಬಿದ್ದ ಭೈರೇಶ ಹೊನ್ನೇಶನ ಕಣ್ಣ ಮುಂದೆ ಬಂದ. ತುಟಿಯಂಚಿಗೆ ನಗು ಬಂತು. "ಇಲ್ಲ ಕಣೇ. ಕೂಗೇ ಕೂಗ್ತೀನಿ" ಅಂದ.

ಆಮೇಲೆ ಎದ್ದು ಕೊಟ್ಟಿಗೆಗೆ ಹೋಗಿ, ಗೂಟದಿಂದ ಆ ಹಗ್ಗ ಇಳಿಸಿ, ಒಣಗಿದ್ದ ಕಡೆಗೆಲ್ಲ ಎಣ್ಣೆ ಹಚ್ಚಿ, ಮತ್ತೆ ಅಲ್ಲೇ ನೇತುಹಾಕಿದ.